ಬೇಸಿಗೆಯ ಸ್ನೇಹಕೂಟ ಈ ವರ್ಷ ಕಲಾ ಗ್ಯಾಲರಿಯಲ್ಲಿ: ಸಂಜೆಯ ಕ್ರಮ ಹೇಗಿರಬೇಕು?

1984ರ ಬ್ಯಾಚ್, ಶಿವಮೊಗ್ಗ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದ ಎಲ್ಲ ಸದಸ್ಯರಿಗೂ ನಮಸ್ಕಾರಗಳು. ಈ ವರ್ಷದ ಬೇಸಿಗೆ ಸ್ನೇಹಕೂಟವನ್ನು ಕಲ್ಯಾಣ ಮಂಟಪದ ಬದಲಿಗೆ ನಮ್ಮೂರಿನ ಕಲಾ ಗ್ಯಾಲರಿಯಲ್ಲಿ ಏರ್ಪಡಿಸೋಣವೆಂದು ನಾನು ಕಾರ್ಯಕಾರಿ ಸಮಿತಿಯ ಮುಂದೆ ಸೂಚಿಸಿದ್ದೆ. ಮೇ ತಿಂಗಳ ಎರಡನೆಯ ಶನಿವಾರ ಸಂಜೆ ಐದರಿಂದ ಎಂಟೂವರೆಯವರೆಗೆ ಜಾಗ ಸಿಗುವುದು ಖಚಿತವಾಗಿದೆ. ಸಮಿತಿಯ ಒಪ್ಪಿಗೆಯೂ ದೊರೆತಿದೆ. ಆದರೆ ಆ ಮೂರೂವರೆ ಗಂಟೆ ಹೇಗೆ ಕಳೆಯಬೇಕು ಎಂಬುದನ್ನು ನಿಮ್ಮೆಲ್ಲರನ್ನೂ ಕೇಳಿಯೇ ತೀರ್ಮಾನಿಸುವುದು ಸರಿಯೆಂದು ಈ ಚರ್ಚೆಯನ್ನು ಆರಂಭಿಸಿದ್ದೇನೆ.

ನನ್ನ ಮನಸ್ಸಿನಲ್ಲಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ವರ್ಷದ ಕೂಟದಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಹಾರ, ಶಾಲು, ಫಲತಾಂಬೂಲ, ಅತಿಥಿಗಳ ಭಾಷಣ, ವಂದನಾರ್ಪಣೆ ಎಲ್ಲವೂ ಲೋಪವಿಲ್ಲದೆ ನಡೆದವು. ಅಷ್ಟು ಹೊತ್ತಿಗೆ ಎರಡೂವರೆ ಗಂಟೆ ಕಳೆದಿತ್ತು. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಬೆಂಚಿನಲ್ಲೇ ಕುಳಿತಿದ್ದ ಗೆಳೆಯನೊಬ್ಬ ಎಷ್ಟೋ ವರ್ಷಗಳ ಮೇಲೆ ಬಂದಿದ್ದ. ನನ್ನ ಮುಂದಿನ ಸಾಲಿನಲ್ಲೇ ಕುಳಿತಿದ್ದವನ ಬೆನ್ನನ್ನಷ್ಟೇ ನೋಡುತ್ತಾ ನಾನು ಭಾಷಣ ಕೇಳಿದೆ. ಊಟದ ಪಂಕ್ತಿಯಲ್ಲಿ ಅವನನ್ನು ಹುಡುಕುವ ವೇಳೆಗೆ ಅವನು ಕೊನೆಯ ಬಸ್ಸಿಗೆಂದು ಹೊರಟುಹೋಗಿದ್ದ. ಆ ಸಂಕಟ ಇನ್ನೂ ನನ್ನಲ್ಲಿದೆ.

ಗ್ಯಾಲರಿಯಲ್ಲಿ ವೇದಿಕೆಯಿಲ್ಲ, ಸಾಲು ಕುರ್ಚಿಗಳಿಲ್ಲ. ಒಂದು ಕೋಣೆಯಲ್ಲಿ ಮಲೆನಾಡಿನ ಮಳೆ, ಗದ್ದೆ, ಹೊಳೆಗಳ ಜಲವರ್ಣ ಚಿತ್ರಗಳಿವೆ. ಇನ್ನೊಂದರಲ್ಲಿ ಸಾಗರ ಸೀಮೆಯ ಹೆಣ್ಣುಮಕ್ಕಳು ಬರೆದ ಹಸೆಯ, ಎಂದರೆ ಮದುವೆ ಮನೆಯ ಗೋಡೆಗೆ ಬರೆಯುವ ಚಿತ್ತಾರದ, ಫಲಕಗಳಿವೆ. ಹೊರಗೆ ಅಗಲವಾದ ಜಗುಲಿ, ಅದರಾಚೆ ಅಂಗಳ. ಒಂದು ಚಿತ್ರದ ಮುಂದೆ ನಿಂತ ಇಬ್ಬರು ಹೆಚ್ಚು ಹೊತ್ತು ಮೌನವಾಗಿರಲಾರರು ಎಂಬುದು ನನ್ನ ಅನುಭವ. ಮಾತು ಚಿತ್ರದಿಂದ ಶುರುವಾಗಿ ಊರು, ಮನೆ, ಮಕ್ಕಳು ಎಂದು ತಾನಾಗಿಯೇ ಬೆಳೆಯುತ್ತದೆ. ಹಾಗೆಯೇ, ಹಸೆ ಬರೆಯುವ ಇಬ್ಬರು ತಾಯಂದಿರನ್ನು ಕರೆಸಿ ಅಂದೇ ಬರೆದು ತೋರಿಸುವ ಏರ್ಪಾಡು ಮಾಡಿದರೆ ಹೇಗೆ ಎಂದೂ ಯೋಚಿಸುತ್ತಿದ್ದೇನೆ. ದಯವಿಟ್ಟು ಸಂಕೋಚವಿಲ್ಲದೆ ಅಭಿಪ್ರಾಯ ತಿಳಿಸಿ.

1996ರ ಬ್ಯಾಚ್, ಬೆಂಗಳೂರು

ಅಣ್ಣ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ನನ್ನ ಆಕ್ಷೇಪವನ್ನು ದಾಖಲಿಸಬೇಕಾಗಿದೆ. ನಾವು ಬೆಂಗಳೂರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬರುವುದು ಗೆಳೆಯರನ್ನೂ ಗುರುಗಳನ್ನೂ ಕಾಣುವುದಕ್ಕೆ. ಚಿತ್ರಗಳನ್ನು ನೋಡುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗೆ ಇಲ್ಲ. ಅಂಥವರು ಐದು ನಿಮಿಷದಲ್ಲಿ ಎರಡೂ ಕೋಣೆಗಳನ್ನು ಸುತ್ತಿ ಬಂದು, ತಮಗೆ ಏನೂ ತಿಳಿಯಲಿಲ್ಲವೆಂಬ ಮುಜುಗರದಲ್ಲಿ ಜಗುಲಿಯಲ್ಲಿ ನಿಂತುಬಿಡುತ್ತಾರೆ. ಹಾಗೆ ಯಾರನ್ನೂ ಸಣ್ಣವರನ್ನಾಗಿಸುವ ಜಾಗಕ್ಕೆ ಕೂಟ ಹೋಗಬಾರದು.

ಎರಡನೆಯದು, ಗುರುವಂದನೆ. ಭಾಷಣಗಳನ್ನು ಕಡಿಮೆ ಮಾಡುವುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ನಮಗೆ ಅಕ್ಷರ ತಿದ್ದಿದ ಮೇಷ್ಟ್ರುಗಳಲ್ಲಿ ಈಗ ಬರುವ ಶಕ್ತಿಯಿರುವವರು ಕೆಲವರೇ. ಅವರಿಗೆ ಒಂದು ಶಾಲು ಹೊದಿಸಿ ಕಾಲಿಗೆರಗುವ ಗಳಿಗೆಯನ್ನು ಕಾರ್ಯಕ್ರಮದಿಂದ ತೆಗೆದುಹಾಕಿದರೆ ನಾನಂತೂ ಬರಲಾರೆ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ.

ಜಾಗ ಬದಲಿಸಲೇಬೇಕೆಂದಿದ್ದರೆ ಶಿವಪ್ಪನಾಯಕನ ಅರಮನೆಯ ಆವರಣವನ್ನು ಕೇಳಿ ನೋಡಬಾರದೇಕೆ? ತುಂಗೆಯ ದಡ, ಮರದ ಕಂಬಗಳ ಆ ಹಜಾರ, ಅಂಗಳದಲ್ಲಿ ವೀರಗಲ್ಲುಗಳು. ನಮ್ಮೂರಿನವರಿಗೆ ಅದಕ್ಕಿಂತ ಆಪ್ತವಾದ ಜಾಗ ಬೇರೊಂದಿಲ್ಲ.

2003ರ ಬ್ಯಾಚ್, ಮೈಸೂರು

ನಾನು ವಸ್ತುಸಂಗ್ರಹಾಲಯಗಳ ಸಂರಕ್ಷಣೆಯ ಕೆಲಸದಲ್ಲಿರುವುದರಿಂದ ಕೆಲವು ಮಾತುಗಳನ್ನು ಹೇಳುವುದು ನನ್ನ ಕರ್ತವ್ಯ. ಅರಮನೆಯ ಸಲಹೆ ಕೊಟ್ಟ ಅಣ್ಣನವರಿಗೆ ಮೊದಲು ಉತ್ತರ: ಅಲ್ಲಿರುವ ಶಿಲ್ಪಗಳಿಗೆ ಬೆಳಕಿನ ಭಯವಿಲ್ಲ, ನಿಜ. ಆದರೆ ಅದು ಸರ್ಕಾರಿ ವಸ್ತುಸಂಗ್ರಹಾಲಯ, ಕಟ್ಟಡವೂ ಸಂರಕ್ಷಿತ. ಸಂಜೆಯ ಹೊತ್ತು ಊಟೋಪಚಾರದ ಕೂಟಕ್ಕೆ ಅನುಮತಿ ಕೇಳುವುದೇ ಸರಿಯಲ್ಲವೆಂದು ನನ್ನ ಭಾವನೆ. ಹಳೆಯ ಮರದ ಹಜಾರದಲ್ಲಿ ಅಡುಗೆಯವರ ಗ್ಯಾಸ್ ಒಲೆ ಇರುವುದನ್ನು ನೆನೆದರೇ ನನಗೆ ಭಯವಾಗುತ್ತದೆ.

ಇನ್ನು ಗ್ಯಾಲರಿಯ ವಿಷಯ. ಜಲವರ್ಣ ಬಹಳ ನಾಜೂಕು. ತೈಲವರ್ಣ ಸುಮಾರು 200 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕನ್ನು ತಾಳಿಕೊಂಡರೆ, ಕಾಗದದ ಮೇಲಿನ ಜಲವರ್ಣಕ್ಕೆ 50 ಲಕ್ಸ್ ಸಾಕು ಎಂಬುದು ಸಂಗ್ರಹಾಲಯಗಳು ಅನುಸರಿಸುವ ಕ್ರಮ. ಬೆಳಕಿನಿಂದ ಆದ ಹಾನಿ ಕೂಡುತ್ತಾ ಹೋಗುತ್ತದೆ, ಮತ್ತೆ ಸರಿಪಡಿಸಲಾಗುವುದಿಲ್ಲ. ಒಳಗೆ ಕಾಲಿಟ್ಟಾಗ ಕೋಣೆ ಮಂಕಾಗಿದೆ ಎನಿಸಿದರೆ ದಯವಿಟ್ಟು ದೀಪ ಹೆಚ್ಚಿಸಲು ಹೇಳಬೇಡಿ. ಎರಡು ಮೂರು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಹಾಗೆಯೇ ಉದ್ಘಾಟನೆಯ ನೆಪದಲ್ಲಿ ಎಣ್ಣೆಯ ದೀಪವನ್ನು ಒಳಗೆ ಬೆಳಗುವುದು ಬೇಡ. ಅದರ ಮಸಿ ಕಣ್ಣಿಗೆ ಕಾಣದಂತೆ ಚಿತ್ರದ ಮೇಲೆ ಕೂರುತ್ತದೆ. ಜಗುಲಿಯಲ್ಲಿ ಬೆಳಗೋಣ.

ಮೊಬೈಲಿನ ಫ್ಲ್ಯಾಶ್ ಬಗ್ಗೆ ಒಂದು ಮಾತು. ಒಂದು ಸಂಜೆಯ ಫ್ಲ್ಯಾಶ್‌ಗಳಿಂದ ಬಣ್ಣ ಮಾಸುವುದಿಲ್ಲ. ತೊಂದರೆ ಬೇರೆ ಕಡೆಯಿಂದ ಬರುತ್ತದೆ: ಗುಂಪು ಫೋಟೊ ತೆಗೆಯುವಾಗ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಹೆಗಲು ಚೌಕಟ್ಟಿಗೆ ತಗಲುತ್ತದೆ, ಕೈಚೀಲ ಗಾಜಿಗೆ ಬಡಿಯುತ್ತದೆ. ಗುಂಪು ಫೋಟೊಗಳೆಲ್ಲ ಅಂಗಳದಲ್ಲಿಯೇ ಆಗಲಿ.

ಮೇ ತಿಂಗಳಾದ್ದರಿಂದ ಸಂಜೆ ಗುಡುಗು ಮಳೆ ಬರುವ ಸಾಧ್ಯತೆ ಹೆಚ್ಚು. ನೂರು ಜನ ಒದ್ದೆ ಬಟ್ಟೆಯಲ್ಲಿ ಒಂದು ಮುಚ್ಚಿದ ಕೋಣೆಗೆ ಬಂದರೆ ಗಾಳಿಯ ತೇವ ಥಟ್ಟನೆ ಏರುತ್ತದೆ. ಕೊಡೆಗಳನ್ನು ಜಗುಲಿಯಲ್ಲೇ ಬಿಡುವ ಏರ್ಪಾಡು ಬೇಕು, ಒಂದು ಸಲಕ್ಕೆ ಇಪ್ಪತ್ತೈದು ಮೂವತ್ತು ಜನರಂತೆ ಒಳಗೆ ಹೋಗಬೇಕು. ತಿಂಡಿ, ಕಾಫಿ, ಪಾನಕ ಯಾವುದೂ ಹೊಸಿಲು ದಾಟಬಾರದು. ಹಸೆ ಫಲಕಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅದರ ಬಿಳಿ ಬಣ್ಣ ಅಕ್ಕಿಹಿಟ್ಟು. ತಿಂಡಿಯ ವಾಸನೆಗೆ ಬಂದ ಜಿರಲೆಗೆ ಅದೂ ಆಹಾರವೇ.

1989ರ ಬ್ಯಾಚ್, ಸಾಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಹಸೆ ಬರೆಯುವ ದೀವರ ಸಮುದಾಯದ ಮನೆಯ ಮಗಳು. ನಮ್ಮ ಅಮ್ಮ, ಅಜ್ಜಿ ಇಬ್ಬರೂ ಹಸೆ ಬರೆದವರು. 1984ರ ಬ್ಯಾಚಿನ ಅಣ್ಣ ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆಂದು ಗೊತ್ತು; ಆದರೂ 'ಅಂದೇ ಬರೆದು ತೋರಿಸುವ ಏರ್ಪಾಡು' ಎಂಬ ಮಾತು ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಅದೇಕೆಂದು ವಿವರಿಸುತ್ತೇನೆ.

ಮದುವೆ ನಿಶ್ಚಯವಾದ ಮನೆಯಲ್ಲಿ ಮೊದಲು ಗೋಡೆಗೆ ಕೆಮ್ಮಣ್ಣು ಬಳಿಯಬೇಕು. ಅದು ಒಣಗಬೇಕು. ಅಕ್ಕಿಯನ್ನು ನೆನೆಸಿ ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟು ನುಣ್ಣಗೆ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕಪ್ಪಾಗುವವರೆಗೆ ಹುರಿದು ಅರೆದರೆ ಕರಿ. ಗುರಿಗೆ ಕಾಯಿಯಿಂದ ಹಳದಿ. ಕುಂಚವೆಂದರೆ ಪುಂಡಿಯ ನಾರು. ತುದಿಯನ್ನು ಜಜ್ಜಿ, ಎಳೆ ಎಳೆ ಬಿಡಿಸಿ, ಬೇಕಾದಷ್ಟೇ ಉಳಿಸಿಕೊಳ್ಳುವುದು. ನಮ್ಮ ಅಜ್ಜಿ ಆ ನಾರನ್ನು ಬಣ್ಣದಲ್ಲಿ ಅದ್ದಿ ಬಟ್ಟಲಿನ ಅಂಚಿಗೆ ಎರಡು ಸಲ ಒರೆಸಿ, ಉಸಿರು ಹಿಡಿದು ಗೋಡೆಯ ಮೇಲೆ ಮಲಗಿಸಿ ಎಳೆಯುತ್ತಿದ್ದರು. ಸ್ಕೇಲು ಇಲ್ಲ, ಪೆನ್ಸಿಲ್ ಇಲ್ಲ. ಮೊಳಕೈಯನ್ನು ಎಡಗೈಯಿಂದ ಆನಿಸಿಕೊಂಡು ಎಳೆದ ಗೆರೆ ನೂಲು ಹಿಡಿದಷ್ಟು ನೇರವಾಗಿರುತ್ತಿತ್ತು. ಗೆರೆ ಮುಗಿದ ಮೇಲೆಯೇ ಉಸಿರು ಬಿಡುತ್ತಿದ್ದರು. ಪಕ್ಕದಲ್ಲಿ ಕುಳಿತ ಹೆಂಗಸರು ಹಾಡು ಹೇಳುತ್ತಿದ್ದರು, ಹಾಡಿಲ್ಲದೆ ಹಸೆಯಿಲ್ಲ. ನಾವು ಅದನ್ನು 'ಬರೆಯುವುದು' ಎನ್ನುತ್ತೇವೆ, 'ಬಿಡಿಸುವುದು' ಎನ್ನುವುದಿಲ್ಲ. ಗೋಡೆಯೊಂದು ಮುಗಿಯಲು ದಿನಗಳೇ ಬೇಕು.

ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಯದೂ ಹಾಗೆಯೇ. ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಒಣಗಿಸಿ, ಸುತ್ತಲೂ ಚಿತ್ತಾರ ಬರೆದು, ಹುಣ್ಣಿಮೆಯ ದಿನ ಬೆಳಗಾಗುವ ಮೊದಲೇ ಅದರಲ್ಲಿ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗಿ ಚರಗ ಬೀರುವುದು, ಎಂದರೆ ಅದನ್ನು ಪೈರಿಗೆ ಎಡೆಯಾಗಿ ಎರಚುವುದು. ಪೈರು ತುಂಬಿನಿಂತ ಭೂಮಿತಾಯಿಗೆ ಬಸುರಿ ಹೆಣ್ಣಿಗೆ ಮಾಡುವಂತೆ ಬಯಕೆ ತೀರಿಸುವ ಹಬ್ಬ ಅದು. ಆ ಚಿತ್ತಾರ ನೋಡುಗರಿಗಾಗಿ ಹುಟ್ಟಿದ್ದಲ್ಲ.

ಈಗ ಕಾಗದದ ಮೇಲೂ ಹಲಗೆಯ ಮೇಲೂ ಬರೆಯುತ್ತಿದ್ದಾರೆ, ಮಾರುತ್ತಿದ್ದಾರೆ. ಅದರಿಂದ ಎಷ್ಟೋ ಮನೆಗಳಿಗೆ ಆಧಾರವಾಗಿದೆ, ಕಲೆಯೂ ಉಳಿದಿದೆ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಬಾಗಿಲ ಬಳಿ ಚಾಪೆ ಹಾಕಿ ಇಬ್ಬರು ಹಿರಿಯ ಹೆಂಗಸರನ್ನು ಕೂರಿಸಿ, ನಾವೆಲ್ಲ ಬಟ್ಟಲು ಹಿಡಿದುಕೊಂಡು ಮೇಲಿನಿಂದ ನೋಡುತ್ತಾ ಹಾದುಹೋಗುವುದು ನನಗೆ ಸಹಿಸಲಾಗದು. ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದಲ್ಲಿ ನನ್ನ ಚಿಕ್ಕಮ್ಮನನ್ನು ಹಾಗೆಯೇ ಕೂರಿಸಿದ್ದರು. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಕುಳಿತ ಅವರಿಗೆ ಊಟಕ್ಕೆ ಕರೆದವರಿಲ್ಲ, ಫಲಕದ ಮೇಲೆ ಹೆಸರಿಲ್ಲ, ಮರುದಿನದ ಫೋಟೊದ ಕೆಳಗೆ 'ಗ್ರಾಮೀಣ ಮಹಿಳೆ' ಎಂದಷ್ಟೇ ಇತ್ತು. ಅವರು ಆಮೇಲೆ ಎಲ್ಲಿಗೂ ಹೋಗಲಿಲ್ಲ.

ನನ್ನ ಕೋರಿಕೆ ಇಷ್ಟು: ಅವರನ್ನು ಅತಿಥಿಗಳಾಗಿ ಕರೆಯಿರಿ. ನಮ್ಮ ಮೇಷ್ಟ್ರುಗಳ ಪಕ್ಕದಲ್ಲಿಯೇ ಅವರಿಗೂ ಕುರ್ಚಿಯಿರಲಿ. ಬಂದುಹೋಗುವ ಖರ್ಚು, ಗೌರವಧನ ಎಷ್ಟೆಂಬುದನ್ನು ಮೊದಲೇ ತಿಳಿಸಿ, ಅಂದೇ ಕೈಗೆ ಕೊಡಿ. ಪ್ರತಿ ಫಲಕದ ಕೆಳಗೆ ಬರೆದವರ ಹೆಸರು, ಊರು ಇರಲಿ. ಅವರಿಗೆ ಇಷ್ಟವಿದ್ದರೆ ತಾವು ಬರೆದದ್ದರ ಮುಂದೆ ನಿಂತು ಎರಡು ಮಾತು ಹೇಳಲಿ. ಇಷ್ಟವಿಲ್ಲದಿದ್ದರೆ ನಮ್ಮ ಹಾಗೆಯೇ ಚಿತ್ರ ನೋಡಿ, ಉಂಡು ಹೋಗಲಿ.

1984ರ ಬ್ಯಾಚ್, ಶಿವಮೊಗ್ಗ

ತಂಗಿ, ನಿಮ್ಮ ಮಾತನ್ನು ಎರಡು ಸಲ ಓದಿದೆ. ನನ್ನ ಸಲಹೆಯಲ್ಲಿದ್ದ ತಪ್ಪು ನನಗೆ ಮನವರಿಕೆಯಾಗಿದೆ, ಅದನ್ನು ಹಿಂತೆಗೆದುಕೊಂಡಿದ್ದೇನೆ. ನಿಮ್ಮ ಚಿಕ್ಕಮ್ಮನಿಗೆ ಆದದ್ದು ನಮ್ಮ ಅಂಗಳದಲ್ಲಿ ಯಾರಿಗೂ ಆಗಬಾರದು. ಗ್ಯಾಲರಿಯವರೊಡನೆ ಮಾತನಾಡಿದ್ದೇನೆ: ಹಸೆಯ ಕೋಣೆಯ ಫಲಕಗಳಲ್ಲಿ ನಾಲ್ಕಕ್ಕೆ ಹೆಸರೇ ಇರಲಿಲ್ಲ. ನೀವು ಆ ಊರುಗಳಿಗೆ ಹೋಗಿ ವಿಚಾರಿಸಿಕೊಡುವುದಾದರೆ ಹೊಸ ಚೀಟಿಗಳನ್ನು ಅಚ್ಚು ಹಾಕಿಸಲು ಅವರು ಒಪ್ಪಿದ್ದಾರೆ. ಆಹ್ವಾನವನ್ನೂ ನಾನು ಫೋನಿನಲ್ಲಿ ಮುಗಿಸುವುದಿಲ್ಲ. ಮುಂದಿನ ಭಾನುವಾರ ನಿಮ್ಮೊಡನೆ ಬಂದು ಮನೆಯಲ್ಲೇ ಕರೆಯುತ್ತೇನೆ.

2003ರ ಬ್ಯಾಚಿನವರು ಹೇಳಿದ್ದೆಲ್ಲವನ್ನೂ ಒಪ್ಪಿದ್ದೇವೆ. ಗುರುವಂದನೆ ಇದ್ದೇ ಇರುತ್ತದೆ, ಅಂಗಳದಲ್ಲಿ, ಐದೂಕಾಲಕ್ಕೆ, ಮೈಕಿಲ್ಲದೆ.

1978ರ ಬ್ಯಾಚ್, ತೀರ್ಥಹಳ್ಳಿ

ವಯಸ್ಸಾದವರ ಪರವಾಗಿ ನಾಲ್ಕು ಮಾತು. ಮಂಡಿ ನೋವಿನವರು ನಿಂತುಕೊಂಡೇ ಚಿತ್ರ ನೋಡಲಾರರು. ಕೋಣೆಯ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಎಂಟು ಹತ್ತು ಕುರ್ಚಿಗಳನ್ನಾದರೂ ಇಡಿ. ಚೀಟಿಗಳ ಅಕ್ಷರ ದಪ್ಪವಾಗಿರಲಿ, ಕನ್ನಡದಲ್ಲಿರಲಿ. ತೀರ್ಥಹಳ್ಳಿಗೆ 60, ಸಾಗರಕ್ಕೆ 70 ಕಿಲೋಮೀಟರ್ ಹಿಂತಿರುಗುವವರಿದ್ದೇವೆ. ಎಂಟೂವರೆಗೆ ಊಟ ಆರಂಭವಾದರೆ ನಮಗೆ ಊಟವಿಲ್ಲ. ಏಳಕ್ಕೇ ಎಲೆ ಹಾಕಿ. ಕಾರುಗಳಲ್ಲಿ ಜಾಗವಿರುವವರು ಯಾವ ದಾರಿ, ಎಷ್ಟು ಜನ ಎಂದು ಇಲ್ಲಿಯೇ ಬರೆದರೆ ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೂ ಅನುಕೂಲ.

ಅಡುಗೆಯ ವಿಷಯದಲ್ಲಿ ಗ್ಯಾಲರಿಯ ನಿಯಮವೇ ನಮ್ಮ ಬೇಸಿಗೆಗೆ ಹೊಂದುತ್ತದೆ. ಕರಿಯುವುದು, ಒಗ್ಗರಣೆಯ ಹೊಗೆ ಏನೂ ಬೇಡ. ಮುರುಗಲು ಹಣ್ಣಿನ ಪಾನಕ, ನೀರುಮಜ್ಜಿಗೆ, ಬೇರೆ ಕಡೆ ಮಾಡಿ ತಂದ ಕೊಟ್ಟೆ ಕಡುಬು, ಅಪ್ಪೆಹುಳಿ, ಮೊಸರನ್ನ, ಸಿಹಿಗೆ ತೊಡೆದೇವು. ಹಲಸಿನ ಹಣ್ಣು ನಮ್ಮ ತೋಟದಿಂದ ತರುತ್ತೇನೆ, ಬಿಡಿಸಿದ ತೊಳೆ ಮಾತ್ರ. ಅಂಟು ಕೈಯಲ್ಲಿ ಯಾರೂ ಒಳಗೆ ಹೋಗದಂತೆ ಕೊಬ್ಬರಿ ಎಣ್ಣೆ, ನೀರು, ಸೋಪು ಅಂಗಳದ ಮೂಲೆಯಲ್ಲಿರಲಿ.

2011ರ ಬ್ಯಾಚ್, ಭದ್ರಾವತಿ

ವಕೀಲಳಾಗಿ ಒಂದು ಎಚ್ಚರಿಕೆ. ಆಹ್ವಾನ ಪತ್ರಿಕೆಯ ಕರಡಿನಲ್ಲಿ ಗ್ಯಾಲರಿಯ ಒಂದು ಜಲವರ್ಣವನ್ನು ಅಚ್ಚು ಹಾಕಿರುವುದನ್ನು ನೋಡಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಿತ್ರದ ಹಕ್ಕು ಸಾಮಾನ್ಯವಾಗಿ ಬರೆದವರದು. ಅವರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಅದು ಉಳಿಯುತ್ತದೆ. ಚಿತ್ರವನ್ನು ಕೊಂಡವರಿಗೋ ಗೋಡೆಗೆ ತೂಗುಹಾಕಿದವರಿಗೋ ಅಷ್ಟರಿಂದಲೇ ಅಚ್ಚು ಹಾಕಿಸುವ ಹಕ್ಕು ಬರುವುದಿಲ್ಲ. ಆದ್ದರಿಂದ ಗ್ಯಾಲರಿಯ ಒಪ್ಪಿಗೆಯಷ್ಟೇ ಸಾಲದು, ಕಲಾವಿದರಿಂದ ಎರಡು ಸಾಲಿನ ಲಿಖಿತ ಅನುಮತಿ ಪಡೆಯಿರಿ. ಹಸೆಗೂ ಇದು ಅನ್ವಯಿಸುತ್ತದೆ. ಪರಂಪರೆಯ ಮಾದರಿಗಳು ಇಡೀ ಸಮುದಾಯದವು, ನಿಜ. ಆದರೆ ಒಬ್ಬ ತಾಯಿ ತನ್ನ ಕೈಯಾರೆ ಬರೆದ ಆ ಒಂದು ಫಲಕ ಅವಳ ಕೃತಿ. ಅದನ್ನು ಚೀಲದ ಮೇಲೆ, ನೆನಪಿನ ಕಾಣಿಕೆಯ ಮೇಲೆ ಮುದ್ರಿಸುವ ಮುನ್ನ ಕೇಳಲೇಬೇಕು.

1996ರ ಬ್ಯಾಚ್, ಬೆಂಗಳೂರು

ನನ್ನ ಆಕ್ಷೇಪಗಳಲ್ಲಿ ಒಂದು ತೀರಿತು, ಇನ್ನೊಂದು ಉಳಿದಿದೆ. ಚಿತ್ರ ನೋಡಲು ಬಾರದವರು ಏನು ಮಾಡಬೇಕು? ನಾನೂ ಅವರಲ್ಲಿ ಒಬ್ಬ. ಇದನ್ನು ಯೋಚಿಸುತ್ತಿರುವಾಗ ಹೆಗ್ಗೋಡು ನೆನಪಾಯಿತು. 1949ರಲ್ಲಿ ಅಲ್ಲಿ ಆರಂಭವಾದ ನೀನಾಸಮ್ ಎಂಬ ರಂಗಸಂಸ್ಥೆ, ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯ ಜನರನ್ನು ಜಗತ್ತಿನ ನಾಟಕಗಳನ್ನೂ ಸಿನಿಮಾಗಳನ್ನೂ ನೋಡುವವರನ್ನಾಗಿ ಮಾಡಿತು, ಅದಕ್ಕಾಗಿಯೇ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ನಾನೊಮ್ಮೆ ಹೋಗಿದ್ದೆ. ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಬೆಳಿಗ್ಗೆ ಕುಳಿತು ಮಾತನಾಡುವುದು ಅಲ್ಲಿನ ರೂಢಿ. ತಿಳಿದವರು, ತಿಳಿಯದವರು ಎಂಬ ಭೇದವಿಲ್ಲದೆ ಯಾರು ಬೇಕಾದರೂ ಕೈ ಎತ್ತುತ್ತಿದ್ದರು. ನಾನು ಕೇಳಿದ ಪ್ರಶ್ನೆ ಬಹಳ ಸಾಮಾನ್ಯವಾದದ್ದು, ಆದರೂ ಅದಕ್ಕೆ ಹತ್ತು ನಿಮಿಷದ ಉತ್ತರ ದೊರೆಯಿತು. ಹಾಗೆ ಮಾತನಾಡುವ ಬಳಕೆ ನಮ್ಮ ಸೀಮೆಯಲ್ಲೇ ಇರುವಾಗ ನಾವೇಕೆ ಹಿಂಜರಿಯಬೇಕು?

ನನ್ನ ಸಲಹೆ: ಬ್ಯಾಚುಗಳನ್ನು ಬೆರೆಸಿ, ಒಬ್ಬ ಹಿರಿಯರಿಗೆ ಒಬ್ಬ ಕಿರಿಯರಂತೆ ಜೋಡಿ ಮಾಡಿ. ಪ್ರತಿ ಜೋಡಿಯೂ ಎಲ್ಲವನ್ನೂ ನೋಡಬೇಕಾಗಿಲ್ಲ. ಒಂದೇ ಚಿತ್ರವನ್ನು ಆರಿಸಿಕೊಂಡು ಅದರ ಮುಂದೆ ಹತ್ತು ನಿಮಿಷ ಇರಲಿ, ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ಸರಿ ಉತ್ತರ ಯಾರೂ ಕೇಳುವುದಿಲ್ಲ ಎಂದು ಮೊದಲೇ ತಿಳಿಸಿದರೆ ಮುಜುಗರವಿರುವುದಿಲ್ಲ. ನಾನು ಬರುತ್ತೇನೆ. ನನ್ನ ಕಾರಿನಲ್ಲಿ ಬೆಂಗಳೂರಿನಿಂದ ಮೂವರಿಗೆ ಜಾಗವಿದೆ, ತಿಪಟೂರು, ಅರಸೀಕೆರೆಯಲ್ಲೂ ಹತ್ತಿಸಿಕೊಳ್ಳಬಲ್ಲೆ.

1984ರ ಬ್ಯಾಚ್, ಶಿವಮೊಗ್ಗ

ಕೂಟ ನಿನ್ನೆ ನಡೆಯಿತು. ಬರಲಾಗದವರಿಗಾಗಿ ಬರೆಯುತ್ತಿದ್ದೇನೆ.

ಐದೂಕಾಲಕ್ಕೆ ಅಂಗಳದಲ್ಲಿ ನಾಲ್ವರು ಮೇಷ್ಟ್ರುಗಳಿಗೂ, ಹಸೆ ಬರೆದ ಇಬ್ಬರು ತಾಯಂದಿರಿಗೂ ಒಂದೇ ಸಾಲಿನಲ್ಲಿ ಶಾಲು ಹೊದಿಸಿದೆವು. ಹದಿನೈದು ನಿಮಿಷದಲ್ಲಿ ಮುಗಿಯಿತು. ಆರು ಗಂಟೆಯ ವೇಳೆಗೆ ಪಶ್ಚಿಮದಲ್ಲಿ ಮೋಡ ಕಟ್ಟಿ ಗುಡುಗಿತು. ಆರೂಕಾಲಕ್ಕೆ ಮಳೆ ಹೊಡೆಯಿತು, ಅದರ ಹಿಂದೆಯೇ ಕರೆಂಟು ಹೋಯಿತು. ಅಂಗಳದಲ್ಲಿದ್ದವರೆಲ್ಲ ಜಗುಲಿಗೆ ಓಡಿ ಬಂದರು. ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆಯಿದ್ದರೂ ಮೋಡಕ್ಕೆ ಒಳಗೆಲ್ಲ ಕತ್ತಲಾಗಿತ್ತು. ಬ್ಯಾಟರಿ ದೀಪ ಒಂದೇ ಇದ್ದದ್ದು, ಅದು ಹಸೆಯ ಕೋಣೆಯಲ್ಲಿತ್ತು.

ಆ ಹೊತ್ತಿಗೆ ಅಲ್ಲಿದ್ದವರು ಇಪ್ಪತ್ತು ಜನರಿರಬಹುದು. ಇಬ್ಬರು ತಾಯಂದಿರಲ್ಲಿ ಹಿರಿಯರಾದವರು ಅಲ್ಲಿಯವರೆಗೆ ಹೆಚ್ಚು ಮಾತನಾಡಿರಲಿಲ್ಲ. ದೀಪ ಹಿಡಿದಿದ್ದ ಹುಡುಗನಿಗೆ ಅವರು, "ಮಗಾ, ಅದನ್ನ ಎದುರಿಗೆ ಹಿಡೀಬೇಡ, ಬದಿಗೆ ತಗಾ," ಎಂದರು. ಅವನು ದೀಪವನ್ನು ಗೋಡೆಯ ಪಕ್ಕಕ್ಕೆ ತಂದ. ಬೆಳಕು ಓರೆಯಾಗಿ ಬಿದ್ದದ್ದೇ ತಡ, ಅಲ್ಲಿಯವರೆಗೆ ಚಪ್ಪಟೆಯಾಗಿ ಕಾಣುತ್ತಿದ್ದ ಬಿಳಿ ಗೆರೆಗಳು ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ದಪ್ಪದಷ್ಟೇ ಉಬ್ಬಿ ನಿಂತವು. ನಾರು ಎಲ್ಲಿ ಆರಂಭವಾಯಿತು, ಬಣ್ಣ ಎಲ್ಲಿ ತೆಳುವಾಯಿತು, ಎಲ್ಲಿ ಮತ್ತೆ ಅದ್ದಿ ಮುಂದುವರಿಸಿದರು ಎಂಬುದೆಲ್ಲ ಕಾಣಿಸಿತು. ಅವರು ಬೆರಳನ್ನು ಫಲಕಕ್ಕೆ ಒಂದು ಅಂಗುಲ ದೂರದಲ್ಲಿಟ್ಟು, ಮುಟ್ಟದೆ, ಒಂದು ಗೆರೆಯ ಉದ್ದಕ್ಕೂ ಸಾಗಿಸಿ, ನಡುವೆ ಒಂದು ಕಡೆ ನಿಲ್ಲಿಸಿ, ಅಲ್ಲಿ ತನಗೆ ಕೆಮ್ಮು ಬಂದಿತ್ತು ಎಂದರು. ಗೆರೆ ಅಲ್ಲಿ ಕೂದಲೆಳೆಯಷ್ಟು ಬಾಗಿತ್ತು. ಆಮೇಲೆ ಕೂತವರೆಲ್ಲ ಕೇಳಿದ್ದಕ್ಕೆ ಹಸೆಯ ಹಾಡಿನ ನಾಲ್ಕು ಸಾಲು ಹೇಳಿದರು. ಇನ್ನೊಬ್ಬ ತಾಯಿ ದನಿಗೂಡಿಸಿದರು. ಮಳೆಯ ಸದ್ದಿನಲ್ಲಿ ಜಗುಲಿಯವರಿಗೆ ಅದು ಕೇಳಿಸಲಿಲ್ಲ. ನಮ್ಮ ಜೋಡಿಗಳ ಏರ್ಪಾಡು ಅಲ್ಲಿಗೆ ಕೆಟ್ಟಿತಾದರೂ ನನಗೆ ಆ ಬಗ್ಗೆ ಬೇಸರವಿಲ್ಲ.

ಕರೆಂಟು ಬಂದದ್ದು ಏಳೂಹತ್ತಕ್ಕೆ. ಊಟ ಹತ್ತು ನಿಮಿಷ ತಡವಾಯಿತು, ಹಿರಿಯರು ಕ್ಷಮಿಸಬೇಕು. ಕಳೆದ ವರ್ಷ ತಪ್ಪಿಹೋದ ನನ್ನ ಗೆಳೆಯ ಈ ವರ್ಷವೂ ಬಂದಿದ್ದ. ಹೊಳೆಯಲ್ಲಿ ದೋಣಿ ಕಟ್ಟಿದ್ದ ಒಂದು ಜಲವರ್ಣದ ಮುಂದೆ ನಾವಿಬ್ಬರೂ ನಿಂತಿದ್ದೆವು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ತಮ್ಮ ಊರಿನಿಂದ ಅಪ್ಪ ದೋಣಿಯಲ್ಲಿ ಸಾಮಾನು ಸಾಗಿಸಿದ್ದನ್ನು ಮನೆಯಲ್ಲಿ ಹೇಳುತ್ತಿದ್ದರೆಂದು ಅವನು ಅಂದು ಮೊದಲ ಬಾರಿಗೆ ನನಗೆ ಹೇಳಿದ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತಿದ್ದರೂ ಅದು ನನಗೆ ತಿಳಿದಿರಲಿಲ್ಲ.

1989ರ ಬ್ಯಾಚ್, ಸಾಗರ ತಾಲ್ಲೂಕು

ತಾಯಂದಿರಿಬ್ಬರನ್ನೂ ರಾತ್ರಿ ಹತ್ತೂವರೆಗೆ ಮನೆ ಮುಟ್ಟಿಸಿದೆವು. ಗೌರವಧನದ ಲಕೋಟೆಯನ್ನು ಊಟಕ್ಕೆ ಮೊದಲೇ ಕೊಟ್ಟದ್ದು ಒಳ್ಳೆಯದಾಯಿತು. ದಾರಿಯುದ್ದಕ್ಕೂ ಅವರು ಮಾತನಾಡಿದ್ದು ಹಣದ ಬಗ್ಗೆಯಲ್ಲ, ಚೀಟಿಯ ಮೇಲಿದ್ದ ಹೆಸರಿನ ಬಗ್ಗೆ. ಕಿರಿಯರಾದ ತಾಯಿ ತಮ್ಮ ಮೊಮ್ಮಗಳಿಗೆ ತೋರಿಸಲು ಆ ಚೀಟಿಯ ಇನ್ನೊಂದು ಪ್ರತಿ ಕೇಳಿದ್ದಾರೆ. ಅಣ್ಣ, ಮರೆಯದೆ ಕಳಿಸಿಕೊಡಿ.

ಸಂಘವು ಕೊಂಡುಕೊಂಡ ಹಸೆ ಫಲಕವನ್ನು ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಹಾಕುವುದೆಂದು ತೀರ್ಮಾನವಾಗಿದೆ. ಯಾವ ಗೋಡೆಗೆ ಎಂಬುದನ್ನು ಮಳೆಗಾಲಕ್ಕೆ ಮೊದಲೇ ನಿರ್ಧರಿಸಬೇಕು.

2003ರ ಬ್ಯಾಚ್, ಮೈಸೂರು

ಪಶ್ಚಿಮದ ಗೋಡೆ ಖಂಡಿತ ಬೇಡ. ಜೂನ್‌ನಲ್ಲಿ ಮಳೆ ಹೊಡೆಯುವುದು ಆ ಕಡೆಯಿಂದಲೇ, ಗೋಡೆ ಮೂರು ತಿಂಗಳು ಒಳಗಿನಿಂದ ಬೆವರುತ್ತದೆ. ಬಾಗಿಲಿನ ಎದುರಿನ ಗೋಡೆಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಕೆಮ್ಮಣ್ಣೂ ಕರಿಯೂ ಅದನ್ನು ತಡೆದುಕೊಳ್ಳುತ್ತವೆ, ಗುರಿಗೆಯ ಹಳದಿ ಮಾತ್ರ ಬೇಗ ಮಾಸುತ್ತದೆ. ಪತ್ರಿಕೆಗಳ ಕಪಾಟಿನ ಮೇಲಿರುವ ಒಳಗೋಡೆಯೇ ಸರಿ. ಗಾಜು ಚಿತ್ತಾರಕ್ಕೆ ತಾಗದಂತೆ ಚೌಕಟ್ಟು ಆಳವಾಗಿರಬೇಕು. ಚೌಕಟ್ಟಿನ ಹಿಂದೆ ನಾಲ್ಕೂ ಮೂಲೆಗೆ ಅರ್ಧ ಅಂಗುಲದ ಮರದ ತುಂಡುಗಳನ್ನು ಅಂಟಿಸಿದರೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದಿಲ್ಲ. ತುಂಡುಗಳನ್ನು ನಾನೇ ಮಾಡಿಸಿ ತರುತ್ತೇನೆ. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗ್ರಂಥಾಲಯದ ಬೀಗ ತೆಗೆಸಿಟ್ಟಿರಿ, ಏಣಿ ಒಂದು ಬೇಕಾಗುತ್ತದೆ.

1978ರ ಬ್ಯಾಚ್, ತೀರ್ಥಹಳ್ಳಿ

ಏಣಿ ನಾನು ತರುತ್ತೇನೆ. ಕಾರಿನ ಮೇಲೆ ಕಟ್ಟಿಕೊಂಡು ಬರಬಹುದು.